ಬಿಲ್ಲೆ ಒಂದು ಹೇಳ್ತು, ಟ್ಯೂಬು ಒಂದು ಹೇಳ್ತು

ಲಲಿತಾಬಾಯಿ: ಕಣ್ಣು ಬಿಟ್ಟು ನೋಡ್ರಿ. ಬಿಲ್ಲೆ ಸುತ್ತ ಬೂಷ್ಟು ಬೆಳೀಲಾರದೆ ಹೆಂಗ ಬೈಲು ಬಿದ್ದದ. ಔಷಧ ತಾಗ್ತದ.

ಜಗದೇವಪ್ಪ: ನಿನ್ನ ಬಿಲ್ಲೆ ಅಲ್ಲೇ ಇರ್ಲಿ. ನನ್ನ ಟ್ಯೂಬ್ ನೋಡು. ಅದೇ ಔಷಧದಾಗ ಬೂಷ್ಟು ಬೆಳದು ಕುಂತದ. ತಾಗಂಗಿಲ್ಲ.

ಅದು ೧೯೯೮ರ ಮಾತು. ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಈ ಗಂಡ ಹೆಂಡತಿ ಸಣ್ಣದೊಂದು ಲ್ಯಾಬ್ ನಡೆಸುತ್ತಿದ್ದರು. ಕಮಲಾಪುರದ ಮುದುಕಿ ದುಂಡಮ್ಮನ ಬಾಯಿಯಿಂದ ತೆಗೆದ ಬೂಷ್ಟಿಗೆ ಫ್ಲುಕೊನಜೋಲ್ ಎಂಬ ಔಷಧ ತಾಗುತ್ತದೋ ಇಲ್ಲವೋ ನೋಡಬೇಕಿತ್ತು. ಹೆಂಡತಿ ಪ್ಲೇಟಿನಲ್ಲಿ ಬೂಷ್ಟು ಬೆಳೆಸಿ ಔಷಧದ ಬಿಲ್ಲೆ ಇಟ್ಟಿದ್ದಳು. ಗಂಡ ಟ್ಯೂಬಿನಲ್ಲಿ ಬೂಷ್ಟು ಬೆಳೆಸುವ ಸಾರಿಗೆ ಔಷಧ ಬೆರೆಸಿದ್ದ. ಟ್ಯೂಬಿನ ಪದ್ಧತಿ ಹೈದರಾಬಾದಿನಲ್ಲಿ ಹೊಸದಾಗಿ ಕಲಿತು ಬಂದವನಿಗೆ ಸೋಲುವ ಮನಸ್ಸಿರಲಿಲ್ಲ. ದುಂಡಮ್ಮ ರಿಪೋರ್ಟಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದಳು.

ಜಗದೇವಪ್ಪ: ಎಂಥಾ ಹಠಮಾರಿ ಅದ ನೋಡು.

ಲಲಿತಾಬಾಯಿ: ಹಠಮಾರಿ ಏನಿಲ್ರಿ. ನಾಕ್ ಗುಳಿಗಿ ಬಿದ್ರ ಹೋಗೇ ಹೋಗ್ತದ.

ದುಂಡಮ್ಮ ದಡಕ್ಕನೆ ಎದ್ದು ನಿಂತಳು.

ದುಂಡಮ್ಮ: ಯಾರ್ರಿ ಅಮ್ಮೋರ ಹೋಗೋರು?

ಲಲಿತಾಬಾಯಿ: ನೀವಲ್ಲ ಆಯಿ. ನಿಮ್ಮ ಬಾಯಾಗಿಂದು.

ದುಂಡಮ್ಮ: ಬಾಯಾಗ ಎರಡೇ ಹಲ್ಲು ಉಳದಾವ. ಅವೂ ಹೋಗ್ತಾವೇನು?

ಜಗದೇವಪ್ಪನಿಗೆ ನಗು ಉಕ್ಕಿ ಬಂತು. ನಕ್ಕರೆ ಸೋತಂತೆ ಎಂದು ತುಟಿ ಕಚ್ಚಿಕೊಂಡ.

ಲಲಿತಾಬಾಯಿ: ಟ್ಯೂಬ್ ಯಾವಾಗ ನೋಡಿದ್ರಿ?

ಜಗದೇವಪ್ಪ: ಈಗ.

ಲಲಿತಾಬಾಯಿ: ನಿನ್ನೆ ನೋಡಬೇಕಿತ್ತಲ್ಲ?

ಜಗದೇವಪ್ಪ: ನಿನ್ನೆ ಕಪನೂರದಾಗ ಸ್ಕೂಟರ್ ಕೆಟ್ಟಿತ್ತು.

ಲಲಿತಾಬಾಯಿ: ಅದಕ್ಕೇ ಮತ್ತ. ಈ ಔಷಧ ಬೂಷ್ಟು ಕೊಲ್ಲಂಗಿಲ್ಲ, ಬೆಳೆಯೋದು ತಡೀತದ. ಹೊತ್ತು ಮೀರಿ ನೋಡಿದ್ರ ಒಂದೀಟು ಮಬ್ಬು ಕಾಣೋದೇ.

ಹೈದರಾಬಾದಿನಲ್ಲಿ ಕಲಿಸಿದವರೂ ಇದನ್ನೇ ಹೇಳಿದ್ದರು. ಆಗ ಜಗದೇವಪ್ಪ ಬಿರಿಯಾನಿ ಉಂಡು ತೂಕಡಿಸುತ್ತಿದ್ದ. ಹೋಲಿಸಲೆಂದು ಇಟ್ಟಿದ್ದ ಔಷಧವಿಲ್ಲದ ಟ್ಯೂಬನ್ನು ಪಕ್ಕದಲ್ಲಿ ಹಿಡಿದು ನೋಡಿದ. ಅದು ಮಜ್ಜಿಗೆಯಂತೆ ದಪ್ಪ, ಇದು ಅಕ್ಕಿ ತೊಳೆದ ನೀರಿನಂತೆ ತೆಳು.

ಜಗದೇವಪ್ಪ: ಆಯ್ತು ಬಿಡು. ತಾಗ್ತದ ಅಂತ ಬರಿ.

ದುಂಡಮ್ಮ: ತಡೀರಿ ಸಾಹೇಬ್ರ. ನಿಮ್ಮ ಟ್ಯೂಬೇ ಖರೆ ಅಂತ ಬರೀರಿ.

ಜಗದೇವಪ್ಪ: ಯಾಕ ಆಯಿ, ಗುಣ ಆಗೋದು ಬ್ಯಾಡೇನು?

ದುಂಡಮ್ಮ: ಬಾಯಿ ಕೆಟ್ಟಾಗಿಂದ ಸೊಸಿ ದಿನಾ ಮೆತ್ತನ್ನ ಸಿಹಿ ಸಿರಾ ಮಾಡಿ ಕೊಡ್ಲಾಕತ್ತಾಳ್ರಿ. ಗುಣಾದ್ರ ಮತ್ತ ಅದೇ ಹುಳಿ ಪುಂಡಿಪಲ್ಯ ಮುಂದಿಡ್ತಾಳ.

ತನ್ನ ಟ್ಯೂಬನ್ನು ನಂಬುವ ಜೀವ ಒಂದಾದರೂ ಸಿಕ್ಕಿತಲ್ಲ ಎಂದು ಜಗದೇವಪ್ಪ ಕರಗಿಹೋದ.

ಜಗದೇವಪ್ಪ: ಸುಳ್ಳು ಬರ್ಯಾಕ್ ಬರಂಗಿಲ್ಲ ಆಯಿ. ಕೆಳಗ ‘ಎರಡೇ ಹಲ್ಲದಾವ, ಮೆತ್ತನ್ನ ಊಟ ಕೊಡ್ರಿ’ ಅಂತ ಬರೀತೀನಿ.

ಲಲಿತಾಬಾಯಿ: ಟ್ಯೂಬಿಗಿಂತ ಆಯಿ ಬಾಯಿ ಛಲೋ ಓದೀರಿ ನೋಡ್ರಿ.

ದುಂಡಮ್ಮ: ‘ತುಪ್ಪ ಹಾಕಿ’ ಅಂತನೂ ಬರೀರಿ ಸಾಹೇಬ್ರ. ನಮ್ಮ ಸೊಸಿ ಬರದಷ್ಟೇ ಮಾಡ್ತಾಳ.