ಭಂಗಾರದ ಕಾರಿಗೆ ಗ್ಯಾಸ್

ಹಳೇ ಕಾರುಗಳ ಏಸಿಗೆ ಕೈ ಹಾಕಿದವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಬಾನೆಟ್ ಎತ್ತಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ನಾನು ಏಳನೇ ಕ್ಲಾಸು ಬಿಟ್ಟು ಕುಂದಾಪುರದಿಂದ ಹೊರಟವನು. ಮಲಾಡಿನಲ್ಲಿ ಹೋಟೆಲು, ಆಮೇಲೆ ಲಾರಿ, ಆಮೇಲೆ ಇನ್ನೇನೋ. ಎಲ್ಲೂ ಎರಡು ಮಳೆಗಾಲ ಕಂಡವನಲ್ಲ. ಕಾಂದಿವಲಿಯ ಈ ಗ್ಯಾರೇಜಿನಲ್ಲಿ ಮಾತ್ರ ಆರು ವರ್ಷವಾಯಿತು. ಕಾರಣ ಕೇಳಿದರೆ ನಗುತ್ತೀರಿ. ಮೇ ತಿಂಗಳ ಬೆಂಕಿಯಲ್ಲಿ, ಸತ್ತೇಹೋಗಿದ್ದ ಏಸಿ ಮೊದಲ ಸಲ ತಣ್ಣಗೆ ಉಸಿರು ಬಿಡುತ್ತದಲ್ಲ, ಆಗ ಅದರ ಮುಂದೆ ಅಂಗೈ ಹಿಡಿದರೆ ಸಾಕು, ಕೂತಲ್ಲೇ ಎಲ್ಲಿಗೋ ಹೋಗಿ ಬಂದಿರುತ್ತೇನೆ. ಟಿಕೆಟ್ಟೂ ಬೇಡ.

ಹೋದ ಬೇಸಿಗೆಯಲ್ಲಿ ಒಂದೇ ಕಾರಿನಿಂದ ನನಗೆ ಸಿಕ್ಕ ನಗು ಇಷ್ಟು.

ಶೀತ

ಮುಲುಂಡಿನಿಂದ ಒಬ್ಬರ ಫೋನು. ಬ್ಯಾಂಕಿನವರು, ಮೈಸೂರಿನಿಂದ ವರ್ಗವಾಗಿ ಬಂದು ಎರಡು ತಿಂಗಳು. ಹಳೇ ಕಾರನ್ನೂ ಅಲ್ಲಿಂದಲೇ ಓಡಿಸಿಕೊಂಡು ಬಂದಿದ್ದರು. ಏಸಿ ಸರಿಯಿಲ್ಲ ಅಂದರು.

“ಸ್ವಲ್ಪವೂ ಶೀತ ಇಲ್ವಾ ಸಾರ್?” ಅಂದೆ. ನಮ್ಮ ಕಡೆ ತಂಪಿಗೂ ಅದೇ ಮಾತು.

“ಇದೆ ಕಣಪ್ಪಾ, ಮೂರು ದಿನದಿಂದ. ದನೀಲೇ ಗೊತ್ತಾಗೋಯ್ತಾ?”

“ಸೋರ್ತಾ ಉಂಟಾ?”

“ಬೆಳಗ್ಗೆ ಹೊತ್ತು ಧಾರಾಕಾರ.”

“ಹಾಗಾದ್ರೆ ಗ್ಯಾಸ್ ತುಂಬಿಸ್ಲೇಬೇಕು ಸಾರ್.”

ಆ ಕಡೆಯಿಂದ ದೊಡ್ಡದೊಂದು ಸೀನು. “ಗ್ಯಾಸ್ ನಂಗೆ ಮೊದಲಿಂದ್ಲೂ ಇದೆ ಕಣಯ್ಯಾ. ಈ ಶೀತಕ್ಕೇನಾದ್ರೂ ಹೇಳು.”

ಬಂಗಾರ

ಶನಿವಾರ ಆ ಬ್ಯಾಂಕಿನ ಸಾಹೇಬರು, ಅವರ ಹೆಂಡತಿ ಇಬ್ಬರೂ ಕಾರಿನಲ್ಲಿ ಬಂದರು. ಆ ಅಮ್ಮ ಪೇಪರಿನಲ್ಲಿ ಗಾಳಿ ಹಾಕಿಕೊಳ್ಳುತ್ತಲೇ ಇಳಿದು ನನಗೆ ಹೇಳಿದರು: “ನೋಡಪ್ಪಾ, ಇವತ್ತು ಇದು ತಣ್ಣಗಾಗ್ಲಿಲ್ಲ ಅಂದ್ರೆ ಸಂಜೆನೇ ಮಾರಾಟ. ಕೊಳ್ಳೋನ ನಂಬರ್ ಕೂಡ ಇಟ್ಕೊಂಡಿದೀನಿ.”

ಸಾಹೇಬರ ಮುಖ ಸಣ್ಣಗಾಯಿತು. ಮದುವೆಯಾದ ವರ್ಷ ಕೊಂಡ ಕಾರಂತೆ. “ಹೇಗಾದ್ರೂ ಮಾಡಿ ಉಳಿಸ್ಕೊಡೋ,” ಎಂದು ಮೆಲ್ಲಗೆ ನನ್ನ ಕಿವಿಯಲ್ಲಿ ಅಂದರು.

ಅಷ್ಟರಲ್ಲಿ ನಮ್ಮ ಗ್ಯಾರೇಜಿನ ದೊಡ್ಡ ಮೇಸ್ತ್ರಿ ಉಸ್ತಾದ್ ಕಾರಿನ ಸುತ್ತ ಒಂದು ಸುತ್ತು ಹಾಕಿ, “ಪೂರಾ ಭಂಗಾರ್ ಹೈ,” ಅಂದುಬಿಟ್ಟ. ಸಾಹೇಬರು ಅರಳಿಹೋದರು.

“ಕೇಳಿದ್ಯೇನೆ? ಪೂರಾ ಬಂಗಾರ ಅಂತೆ!”

“ಬಂಗಾರ ಅಲ್ಲ ರೀ, ಭಂಗಾರ್. ಅಂದ್ರೆ ಗುಜರಿ. ಹಳೇ ಪೇಪರ್, ತಗಡು ತೂಕಕ್ಕೆ ಹಾಕ್ತೀವಲ್ಲ, ಅದು.”

ಸಾಹೇಬರು ಒಂದು ಕ್ಷಣ ಯೋಚಿಸಿ ಅಂದರು: “ಬಂಗಾರಾನೂ ತೂಕಕ್ಕೇ ಕಣೇ ಹಾಕೋದು.”

ಹೂವು

ಪೈಪುಗಳಿಗೆ ಸೋಪಿನ ನೀರು ಹಚ್ಚಿದೆ. ಒಂದು ಜಾಯಿಂಟಿನಲ್ಲಿ ಗುಳ್ಳೆ ಎದ್ದಿತು, ಚಿಕ್ಕದು, ಬಣ್ಣಬಣ್ಣದ್ದು. ಅದರಲ್ಲಿ ಇಡೀ ಕಾಂದಿವಲಿ ತಲೆಕೆಳಗಾಗಿ ತೇಲುತ್ತಿತ್ತು. ನೋಡುತ್ತ ನಿಂತವನನ್ನು ಉಸ್ತಾದ್ ಬೈದು ಎಬ್ಬಿಸಬೇಕಾಯಿತು. ಅಲ್ಲಿನ ರಬ್ಬರ್ ರಿಂಗ್ ಬದಲಿಸಿ, ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ತೂಕ ನೋಡಿ ಗ್ಯಾಸ್ ತುಂಬಿದೆ. ಮೀಟರ್ ಸರಿ ತೋರಿಸಿತು. ಆದರೆ ಒಳಗೆ ಗಾಳಿಯೇ ಬರಲಿಲ್ಲ. ಗಾಳಿ ಊದುವ ಬ್ಲೋವರ್ ಮಾತ್ರ ಗೊರಗೊರ ಅನ್ನುತ್ತಿತ್ತು.

ಆ ಅಮ್ಮ ಫೋನ್ ಕೈಗೆ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಸಾಹೇಬರು ನನ್ನ ಕಡೆ ನೋಡಿದರು.

“ಸಾರ್, ಆಯುಧ ಪೂಜೆಗೆ ಹೂ ಎಲ್ಲಿ ಇಡ್ತೀರಿ?”

“ಮುಂದಿನ ಗಾಜಿನ ಬುಡದಲ್ಲಿ. ಪ್ರತಿ ವರ್ಷ, ರಾಶಿ ರಾಶಿ.”

ಗಾಳಿ ಒಳಗೆ ಹೋಗುವ ಜಾಲರಿ ಇರುವುದೇ ಅಲ್ಲಿ. ಬ್ಲೋವರ್ ಬಿಚ್ಚಿದರೆ ಎಷ್ಟೋ ವರ್ಷದ ಸೇವಂತಿಗೆ, ಒಣಗಿ ಗೂಡು ಕಟ್ಟಿಕೊಂಡಿತ್ತು. ಎರಡು ಮುಷ್ಟಿ ತೆಗೆದು, ಮತ್ತೆ ಜೋಡಿಸಿ ಸ್ವಿಚ್ ಒತ್ತಿದೆ. ಉಳಿದ ಎಸಳುಗಳೆಲ್ಲ ತಣ್ಣನೆ ಗಾಳಿಯ ಜೊತೆ ಹಾರಿ ಬಂದು ಆ ಅಮ್ಮನ ತಲೆ, ಹೆಗಲು, ಮಡಿಲ ಮೇಲೆಲ್ಲ ಇಳಿದವು.

ಆ ಅಮ್ಮ ಮಡಿಲು ಕೊಡವಿ ಅಂದರು: “ಮದುವೆಯಾದಾಗಿನಿಂದ ನನಗೆ ಒಂದು ಮೊಳ ತಂದವರಲ್ಲ. ಕಾರಿಗೆ ನೋಡಿ, ಮೂಟೆಗಟ್ಲೆ!”

ಗಾಜು

ಓಡಿಸಿ ನೋಡದೆ ಮಾತು ಕೊಡುವುದಿಲ್ಲ ಅಂದರು ಅಮ್ಮ. ಸಾಹೇಬರು ಡ್ರೈವ್ ಮಾಡಿದರು, ನಾನು ಹಿಂದೆ ಕೂತೆ. ಮಲಾಡಿನ ಹತ್ತಿರ ಹೈವೇ ಜಾಮ್. ಗಾಜು ಏರಿಸಿದ್ದರಿಂದ ಹಾರ್ನುಗಳೆಲ್ಲ ಎಲ್ಲೋ ದೂರದ ಊರಿನವು. ಕೆಂಪು ಬಸ್ಸೊಂದು ದೊಡ್ಡ ಮೀನಿನ ಹಾಗೆ ಪಕ್ಕದಲ್ಲಿ ತೇಲಿಹೋಯಿತು. ರಿಕ್ಷಾದವನೊಬ್ಬ ಬಾಯಿ ತೆರೆದು ಬೈಯುತ್ತಿದ್ದ. ಹಾಡುವವನ ಹಾಗೆ ಕಂಡ. ಅಮ್ಮ ಕಣ್ಣು ಮುಚ್ಚಿ ಕೂತಿದ್ದರು. ತಂಪು ಸಾಕೋ ಸಾಲದೋ, ಒಂದು ಮಾತಿಲ್ಲ. ಸಾಹೇಬರು ರಸ್ತೆಗಿಂತ ಹೆಚ್ಚು ಅವರ ಮುಖವನ್ನೇ ನೋಡುತ್ತಿದ್ದರು.

ಟಕ್ ಟಕ್. ಟ್ರಾಫಿಕ್ ಪೊಲೀಸ್. ಕರ್ನಾಟಕದ ನಂಬರ್ ಪ್ಲೇಟು ಕಣ್ಣಿಗೆ ಬಿದ್ದಿತ್ತು. ಸಾಹೇಬರು ಗಾಜು ಇಳಿಸಲು ಹೋದರು. ಅಮ್ಮ ತಟ್ಟನೆ ಕಣ್ಣು ತೆರೆದು ಅವರ ಕೈ ಹಿಡಿದರು.

“ಇಳಿಸ್ಬೇಡಿ!”

“ಪೊಲೀಸ್ ಕಣೇ.”

“ಯಾರಾದ್ರೇನು? ತಂಪೆಲ್ಲ ಹೊರಗೆ ಹೋಗುತ್ತೆ.” ಕಾರಿನ ಕಾಗದ ತೆಗೆದು ಒಳಗಿನಿಂದಲೇ ಗಾಜಿಗೆ ಅಂಟಿಸಿ ಹಿಡಿದರು.

ಪೊಲೀಸ್ ಬೆವರು ಒರೆಸಿಕೊಳ್ಳುತ್ತ ಬಗ್ಗಿ ಓದಿದ. ಮತ್ತೆ ಟಕ್ ಟಕ್.

“ಲೈಸೆನ್ಸ್ ಕೇಳ್ತಿದಾರೆ,” ಅಂದರು ಸಾಹೇಬರು. “ಹೇಗಿದ್ರೂ ಸಂಜೆ ಮಾರೋ ಕಾರು, ಇಳಿಸಿದ್ರೆ ಏನಂತೆ?”

“ಯಾರ್ರೀ ಹೇಳಿದ್ದು ಮಾರ್ತೀವಿ ಅಂತ?” ಎಂದು ಗದರಿ, ಅಮ್ಮ ನನ್ನ ಕಡೆ ತಿರುಗಿದರು. “ನೋಡಪ್ಪಾ, ಪಾಪ ಆ ಮನುಷ್ಯನ್ನ ಒಳಗೇ ಕರಿ. ನಿನ್ನ ಪಕ್ಕ ಕೂತು ಏನು ಬೇಕಾದ್ರೂ ಕೇಳ್ಲಿ. ಬಾಗಿಲು ಮಾತ್ರ ಬೇಗ ಹಾಕ್ಕೋಬೇಕು ಅಂತ ಹೇಳು.”