ಅಮ್ಮ ಒಪ್ಪಿದ ಒಳಚರಂಡಿ

ಅರಸೀಕೆರೆಯ ನಮ್ಮ ಬೀದಿಗೆ ಪುರಸಭೆಯ ಒಳಚರಂಡಿ ಬಂದಾಗ ನಾನು ಪಟ್ಟ ಸಂತೋಷ ಇಷ್ಟಿಷ್ಟಲ್ಲ. ಹಿತ್ತಿಲ ಸೆಪ್ಟಿಕ್ ಟ್ಯಾಂಕು ಮಳೆ ಬಂದಾಗಲೆಲ್ಲ ತುಂಬಿ ಉಕ್ಕುತ್ತಿತ್ತು. ಗೆಂಡೆಹಳ್ಳಿಯಲ್ಲಿ ಜಮೀನು ನೋಡಿಕೊಂಡಿದ್ದ ಅಣ್ಣ ಹಿಂದಿನ ಸಲ ಬಂದಾಗ ಮೂಗು ಮುಚ್ಚಿಕೊಂಡೇ ತೀರ್ಪು ಕೊಟ್ಟಿದ್ದ: “ದಸರಾ ಹೊತ್ತಿಗೆ ಇದು ಸರಿಹೋಗ್ಲಿಲ್ಲ ಅಂದ್ರೆ ಅಮ್ಮನ್ನ ಕರ್ಕೊಂಡು ಹೋಗ್ತೀನಿ ಕಣೋ.”

ಅಮ್ಮನಿಲ್ಲದ ಮನೆಯನ್ನು ನೆನೆಸಿಕೊಳ್ಳುವುದೂ ನನ್ನಿಂದಾಗುತ್ತಿರಲಿಲ್ಲ. ಆದರೆ ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಒಂದು ಪೈಪು ಹಾಕಿಸುವುದೇನು ಮಹಾ!

ಕಕ್ಕಸು ಹಿತ್ತಿಲಲ್ಲಿ, ಒಳಚರಂಡಿ ಮುಂದಿನ ಬೀದಿಯಲ್ಲಿ. ಅಕ್ಕಪಕ್ಕದ ಗೋಡೆಗಳು ಅಂಟಿಕೊಂಡಿದ್ದರಿಂದ ಪೈಪು ಮನೆಯ ನೆಲದಡಿಯೇ ಹಾಯ್ದು ಬರಬೇಕು. ಸುಣ್ಣದಲ್ಲಿ ನೇರವಾಗಿ ಗೆರೆ ಎಳೆದೆ. ಅಮ್ಮ ಕೋಲೂರಿಕೊಂಡು ಬಂದಳು.

“ದೇವರ ಮನೆ ಕೆಳಗಾ! ಬುದ್ಧಿ ಇದೆಯೇನೋ ನಿನಗೆ?”

ಗೆರೆ ಅಡುಗೆಮನೆಗೆ ಸರಿಯಿತು.

“ಮಡೀಲಿ ಅಡುಗೆ ಮಾಡೋ ಜಾಗ ಕಣೋ ಅದು!”

ನಡುಮನೆಗೆ ಸರಿಯಿತು. ಅಪ್ಪನ ತಿಥಿಗೆ ಎಲೆ ಹಾಕುವುದು ಅಲ್ಲೇ! ಕೊನೆಗೆ ಇಡೀ ಮನೆಯಲ್ಲಿ ಎಳ್ಳಷ್ಟೂ ಪಾವಿತ್ರ್ಯವಿಲ್ಲದ ಜಾಗ ಒಂದೇ ಸಿಕ್ಕಿತು. ಅದು ನಾನು ಓದುವ ಕೋಣೆ.

“ಅಲ್ಲಿ ಬೇಕಾದ್ರೆ ಹಾಕಿಸ್ಕೋ,” ಎಂದು ಅಮ್ಮ ಉದಾರವಾಗಿ ಅಪ್ಪಣೆ ಕೊಟ್ಟಳು.

ಪೈಪು ಮನೆಯನ್ನೆಲ್ಲ ಸುತ್ತಿ ಬಳಸಿ ನನ್ನ ಮೇಜಿನ ಕೆಳಗೆ ಬಂತು. ಕಟ್ಟಿಕೊಂಡರೆ ತೆಗೆಯಲೆಂದು ತಿರುವಿನಲ್ಲಿ ಒಂದು ಗುಂಡಿ, ಅದಕ್ಕೊಂದು ಮುಚ್ಚಳ.

“ಇಷ್ಟು ಸುತ್ತಿದ್ರೆ ನೀರು ಹೋಗತ್ತೇನ್ರೀ?” ಎಂದಳು ಹೆಂಡತಿ ಶಾರದೆ.

“ವಿಜ್ಞಾನ ನಿನಗೆ ಗೊತ್ತೋ ನನಗೆ ಗೊತ್ತೋ?”

ಆ ಪ್ರಶ್ನೆ ಕೇಳಬಾರದಿತ್ತು. ಕೇಳಿದ್ದೂ ಅಲ್ಲದೆ, ಅದೇ ಜೋರಿನಲ್ಲಿ ಹಳೆಯ ಟ್ಯಾಂಕಿಗೆ ಮಣ್ಣು ತುಂಬಿಸಿ, ಹಿತ್ತಿಲ ತುಂಬ ಕನಕಾಂಬರ ನೆಟ್ಟುಬಿಟ್ಟೆ.

ಒಂದೆರಡು ದಿನ ಎಲ್ಲ ಸುಗಮ. ದಸರಾಕ್ಕೆ ಅಣ್ಣ ಬಂದ. ಅವನೆದುರಿಗೆ ನಾನೇ ಗಂಭೀರವಾಗಿ ಕೊಡದ ಮೇಲೆ ಕೊಡ ನೀರು ಸುರಿದೆ. ನೀರು ಗಡಗಡನೆ ಮಾಯವಾಯಿತು.

“ನೋಡಿದೆಯಾ ಅಣ್ಣ?”

“ರೀ! ನಿಮ್ಮ ಕೋಣೆ!” ಎಂದು ಶಾರದೆ ಒಳಗಿನಿಂದ ಕೂಗಿದಳು.

ಓಡಿದೆವು. ಮುಚ್ಚಳ ಎದ್ದಿತ್ತು. ಒಂದೆರಡು ದಿನದಿಂದ ಎಲ್ಲೂ ಹೋಗದೆ ಕೂತಿದ್ದದ್ದೆಲ್ಲ ಮೇಲೆ ಬಂದಿತ್ತು. ಒಂಬತ್ತನೇ ತರಗತಿಯ ಉತ್ತರಪತ್ರಿಕೆಗಳು ತೇಲುತ್ತಾ ಬಾಗಿಲ ತನಕ ಬಂದು ನಮ್ಮನ್ನು ಎದುರುಗೊಂಡವು.

ಅಣ್ಣ ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡ. ಆಮೇಲೆ ಕಣ್ಣೊರೆಸಿಕೊಂಡು, “ಸಾಕು. ಅಮ್ಮ, ಬಟ್ಟೆ ಬರೆ ಕಟ್ಕೋ,” ಎಂದ.

ನಾನು ಪೊರಕೆ ಹಿಡಿದು ಆ ಕೊಚ್ಚೆಯ ನಡುವೆ ನಿಂತಿದ್ದೆ. ನಿಜ ಹೇಳಬೇಕೆಂದರೆ ಅಳು ಬಂದಿತ್ತು.

ಅಮ್ಮ ಮೂಗಿಗೆ ಸೆರಗು ಹಿಡಿದು ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. “ನಾನು ಬರಲ್ಲ ಕಣೋ. ನೀನು ಹೇಗೋ ಬದುಕ್ತೀಯ. ಇವನನ್ನ ಈ ಸ್ಥಿತೀಲಿ ಬಿಟ್ಟು ಹೇಗೆ ಬರಲಿ?”

“ಹೌದು ಅತ್ತೆ, ಇರಿ. ನನ್ನೊಬ್ಬಳ ಕೈಲಿ ಆಗಲ್ಲ,” ಎಂದಳು ಶಾರದೆ.

ಅಂತೂ ಅಮ್ಮ ಉಳಿದಳು. ನನ್ನ ಯೋಗ್ಯತೆ ಮಾಡಲಾಗದ್ದನ್ನು ಅಯೋಗ್ಯತೆ ಸಲೀಸಾಗಿ ಮಾಡಿತ್ತು. ಮರುದಿನ ಕನಕಾಂಬರ ಕಿತ್ತು ಹಳೆಯ ಟ್ಯಾಂಕನ್ನು ಅಗೆಯಲು ನಿಂತೆ. ಮಧ್ಯಾಹ್ನದವರೆಗೂ ಅಗೆದೆ. ಅಮ್ಮ ಹಿತ್ತಿಲ ಬಾಗಿಲಲ್ಲಿ ಕುಳಿತು ನೋಡಿ ನೋಡಿ ಕೊನೆಗೆ ನಿಟ್ಟುಸಿರು ಬಿಟ್ಟಳು.

“ಟ್ಯಾಂಕು ಇರೋದು ಆ ಕಡೆ ಕಣೋ!”