ಕೆರೆ ದಂಡೆಯ ಮೇಲೆ ಕೂತವಳು

ಐವತ್ತು ದಾಟಿದ ಗಂಡಸರಿಗೆ ಹಿಡಿಯುವ ಹುಚ್ಚುಗಳಲ್ಲಿ ಮರ್ಯಾದಸ್ಥ ಹುಚ್ಚುಗಳೂ ಇವೆ. ನಮ್ಮ ರಸ್ತೆಯಲ್ಲೇ ಒಬ್ಬರು ತಾರಸಿಯ ಮೇಲೆ ಬಸಳೆ ಬಳ್ಳಿ ಹಬ್ಬಿಸಿದ್ದಾರೆ. ಇನ್ನೊಬ್ಬರು ಕೊಳಲು ಕಲಿಯುತ್ತಿದ್ದಾರೆ. ಕಲಿಯುವುದು ಅವರು, ಅನುಭವಿಸುವುದು ನಾವು. ನನಗೆ ಹಿಡಿದದ್ದು ಮಾತ್ರ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಕಾಲೇಜಿನ ದಿನಗಳಲ್ಲಿ ವಿಜಯನಗರದ ಒಂದು ಅಂಗಡಿಯಲ್ಲಿ ಟೀವಿಗೆ ವಿಡಿಯೋ ಗೇಮ್ ಡಬ್ಬಿ ಜೋಡಿಸಿ, ಡಿಸ್ಕ್ ಹಾಕಿ, ಗಂಟೆ ಲೆಕ್ಕದಲ್ಲಿ ಆಟ ಆಡಿಸುತ್ತಿದ್ದರು. ಆಡಿದ್ದಕ್ಕಿಂತ ಬಾಗಿಲಲ್ಲಿ ನಿಂತು ನೋಡಿದ್ದೇ ಹೆಚ್ಚು. ಆ ಡಬ್ಬಿ ನನ್ನದಾಗಬೇಕು ಎಂಬ ಆಸೆ ಎಲ್ಲೋ ಒಳಗೆ ಉಳಿದುಕೊಂಡು, ತಲೆ ಬೆಳ್ಳಗಾದ ಮೇಲೆ ಎದ್ದು ಕೂತಿತು. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನಾನು, ಹಳೇ ಸಾಮಾನು ಮಾರುವ ಆ್ಯಪ್ ಒಂದರಲ್ಲಿ ಕದ್ದುಮುಚ್ಚಿ ಹುಡುಕತೊಡಗಿದೆ. ಹೆಂಡತಿ ಪದ್ಮ ಹತ್ತಿರ ಬಂದರೆ ಥಟ್ಟನೆ ಫೋನ್ ಮಗುಚಿ ಇಡುತ್ತಿದ್ದೆ. ಅವಳು ಏನೇನು ಊಹಿಸಿಕೊಂಡಳೋ, ಕೊನೆಗೆ ಡಬ್ಬಿ ಮನೆಗೆ ಬಂದಾಗ, "ಇಷ್ಟೇನಾ?" ಎಂದು ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರಿನಲ್ಲಿ ನೆಮ್ಮದಿ ಎಷ್ಟಿತ್ತು, ನಿರಾಸೆ ಎಷ್ಟಿತ್ತು ಎಂದು ಇವತ್ತಿಗೂ ಗೊತ್ತಿಲ್ಲ.

ಮಾರಿದವರು ಶ್ರೀಗಂಧದ ಕಾವಲ್‌ನ ಸರೋಜಮ್ಮ ಎಂಬ ಹೆಂಗಸು. ಅರವತ್ತರ ಆಸುಪಾಸು. ಗೇಟಿನ ಹತ್ತಿರವೇ ಕಾಯುತ್ತಿದ್ದರು. ಒಳಗೆ ಕರೆಯಲಿಲ್ಲ. ಡಬ್ಬಿಯನ್ನು ದಿಂಬಿನ ಕವರಿನಲ್ಲಿ ಸುತ್ತಿ, ಮಲಗಿದ ಮಗುವನ್ನು ಕೊಡುವ ಹಾಗೆ ನನ್ನ ಕೈಗೆ ಕೊಟ್ಟರು. ಮಾತೆಲ್ಲ ಪಿಸುಗುಟ್ಟಿದ ಹಾಗೆ. ನಾನು ಸ್ವಲ್ಪ ಜೋರಾಗಿ, "ಸರಿಯಾಗಿ ಓಡುತ್ತೆ ತಾನೆ ಅಮ್ಮ?" ಎಂದರೆ ತುಟಿಯ ಮೇಲೆ ಬೆರಳಿಟ್ಟು ಮನೆಯ ಕಡೆ ನೋಡಿದರು. "ನಮ್ಮ ಮನುದು ಸಾರ್. ತುಂಬ ಇಷ್ಟಪಡ್ತಿದ್ದ. ಇನ್ನು ಈ ಮನೇಲಿ ಇದನ್ನ ನೋಡೋರು ಯಾರಿದಾರೆ?" ಎಂದರು. ಕಣ್ಣು ಒದ್ದೆಯಾಗಿತ್ತು. ಇನ್ನು ಕೇಳುವುದೇನಿದೆ? ನಾನು ತಲೆ ತಗ್ಗಿಸಿ, ಸ್ಕೂಟರಿನ ಕಾಲ ಸಂದಿಯಲ್ಲಿ ಡಬ್ಬಿ ಇಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಮನಸ್ಸಿನಲ್ಲೇ "ಸಾರಿ ಮನು" ಎಂದುಕೊಂಡೆ.

ಮನೆಗೆ ಬಂದ ಡಬ್ಬಿ ಮೊದಲ ದಿನ ಮಿಸುಕಲಿಲ್ಲ. ದೀಪ ಹತ್ತಿತು, ಒಳಗೆ ಡಿಸ್ಕ್ ಸರ್ರನೆ ತಿರುಗಿತು, ಆಮೇಲೆ ಟಿಕ್, ಟಿಕ್, ಟಿಕ್ ಎಂದು ಯಾರೋ ಉಗುರಿನಿಂದ ಬಾಗಿಲು ತಟ್ಟಿದ ಹಾಗೆ ಸದ್ದು ಮಾಡಿ ಸುಮ್ಮನಾಯಿತು. ಇಂಟರ್ನೆಟ್ಟಿನಲ್ಲಿ ನೋಡಿದರೆ, ಡಿಸ್ಕ್ ಓದುವ ಲೆನ್ಸ್ ಕೊಳೆಯಾಗಿರಬೇಕು, ಸ್ಪಿರಿಟ್‌ನಲ್ಲಿ ಒರೆಸಿ ಎಂದಿತ್ತು. ಮುಚ್ಚಳ ಎತ್ತಿದೆ. ಮಧ್ಯದಲ್ಲಿ ಮಸೂರಬೇಳೆಯಷ್ಟು ದೊಡ್ಡ ಗಾಜಿನ ಕಣ್ಣು, ಮೇಲೆ ತೆಳ್ಳಗೆ ಪೊರೆ ಬಂದ ಹಾಗೆ ಧೂಳು. ಹತ್ತಿಯಲ್ಲಿ ಒರೆಸಿದೆ. ಒರೆಸುತ್ತಿದ್ದ ಹಾಗೆ ಆ ಕಣ್ಣು ಸ್ಪ್ರಿಂಗಿನ ಮೇಲೆ ಮೆಲ್ಲಗೆ ನಡುಗಿತು. ಪಕ್ಕದಲ್ಲಿ ಅವರೆಕಾಳು ಸುಲಿಯುತ್ತಿದ್ದ ಪದ್ಮ, "ರೀ, ಅದು ನಿಮ್ಮನ್ನೇ ನೋಡ್ತಾ ಇದೆ" ಎಂದಳು. ತಮಾಷೆಗೆ ಹೇಳಿದ್ದು. ನಾನು ಮಾತ್ರ ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಒರೆಸಿದೆ.

ಅದರಿಂದಲೂ ಆಗಲಿಲ್ಲ. ಡಿಸ್ಕನ್ನು ಸೋಪಿನ ನೀರಲ್ಲಿ ತೊಳೆದೆ, ಬೇರೆ ವೈರ್ ಹಾಕಿದೆ, ದೇವರ ಮನೆಯ ಕಡೆಗೂ ಒಮ್ಮೆ ನೋಡಿದೆ. ಕೊನೆಗೆ ಯಾರೋ ಪುಣ್ಯಾತ್ಮ ಬರೆದಿದ್ದ: ಹಳೆಯ ಡಬ್ಬಿಗಳಲ್ಲಿ ಲೆನ್ಸ್ ಕೂರುವ ಜಾಗ ಸವೆದು ವಾಲಿರುತ್ತದೆ, ತಲೆಕೆಳಗೆ ಮಾಡಿ ನೋಡಿ. ಮಾಡಿದೆ. ಬಾವಲಿಯ ಹಾಗೆ ತಲೆಕೆಳಗಾಗಿದ್ದೇ ತಡ, ಟಿಕ್ ಟಿಕ್ ನಿಂತು, ಗಂಟೆ ಬಾರಿಸಿದಂಥ ಒಂದು ನಾದ ಹೊರಟಿತು. ಟೀವಿಯಲ್ಲಿ ಚಿತ್ರ ಬಂತು. ಬಣ್ಣ ಬರಲಿಲ್ಲ. ಆ ಕಾಲದ ಡಬ್ಬಿಗೂ ಈ ಕಾಲದ ಟೀವಿಗೂ ಭಾಷೆ ಹೊಂದುವುದಿಲ್ಲವಂತೆ. ಎಲ್ಲವೂ ಬೂದಿ ಬಳಿದ ಹಾಗೆ.

ಭಯ ಹುಟ್ಟಲು ಕತ್ತಲೇ ಆಗಬೇಕು ಅಂತ ಯಾರು ಹೇಳಿದರು? ಬಸವೇಶ್ವರನಗರದ ಭಾನುವಾರದ ಮಧ್ಯಾಹ್ನ ಸಾಕು. ಊಟ ಮುಗಿಸಿ ಇಡೀ ರಸ್ತೆ ಮಲಗಿರುತ್ತದೆ, ಕೊಳಲೂ ಮಲಗಿರುತ್ತದೆ, ಕಿಟಕಿಯಾಚೆ ಬಿಸಿಲು ಅಲ್ಲಾಡದೆ ನಿಂತಿರುತ್ತದೆ. ಅಂಥ ಒಂದು ಮಧ್ಯಾಹ್ನ ನಾನು ಆಟ ಶುರು ಮಾಡಿದೆ. ಆಡಿದಷ್ಟನ್ನು ಉಳಿಸಿಡುವ ಮೆಮೊರಿ ಕಾರ್ಡ್ ಡಬ್ಬಿಯಲ್ಲೇ ಇತ್ತು. ಅದರಲ್ಲಿ ಒಂದೇ ಹೆಸರು: ಮನು. ಕಾರ್ಡ್ ಪೂರ್ತಿ ತುಂಬಿದೆ, ನಿಮ್ಮದನ್ನು ಉಳಿಸಬೇಕಾದರೆ ಇದನ್ನು ಅಳಿಸಿ ಎಂದು ಯಂತ್ರ ಹೇಳಿತು. ಅಳಿಸುವ ಮುಂಚೆ ಒಮ್ಮೆ ನೋಡೋಣ ಎನಿಸಿತು.

ಒಂದು ದ್ವೀಪ. ಗುಡ್ಡದ ಮೇಲೆ ಪುಟ್ಟ ಮನೆ, ಸುತ್ತ ತೋಟ, ಕೆಳಗೆ ಕೆರೆ. ಮನೆಯ ಬಾಗಿಲಲ್ಲಿ ಟೋಪಿ ಹಾಕಿದ ಹುಡುಗ ನಿಂತಿದ್ದ, ಅವನೇ ಮನು. ಕೆರೆ ದಂಡೆಯ ಮೇಲೆ ಉದ್ದ ಲಂಗದ ಒಬ್ಬಳು ನಮಗೆ ಬೆನ್ನು ಹಾಕಿ ಕೂತಿದ್ದಳು. ನಾನು ಹುಡುಗನನ್ನು ನಾಲ್ಕು ಹೆಜ್ಜೆ ನಡೆಸಿದೆ. ಅವಳು ಎದ್ದಳು. ನಿಲ್ಲಿಸಿದೆ. ಅವಳೂ ನಿಂತಳು. ತೋಟದ ಹಿಂದೆ ಓಡಿಸಿದೆ. ತಿರುಗಿ ನೋಡಿದರೆ ಬೇಲಿಯಾಚೆ, ಅಷ್ಟೇ ದೂರದಲ್ಲಿ, ಇದ್ದಳು. ಅವಳನ್ನು ನಡೆಸಬೇಕಾದರೆ ಎರಡನೆಯ ಆಟಗಾರರು ಇನ್ನೊಂದು ಕಂಟ್ರೋಲರ್ ಹಿಡಿಯಬೇಕು. ಅದು ವೈರ್ ಸುತ್ತಿದಂತೆಯೇ ದಿಂಬಿನ ಕವರಿನಲ್ಲಿ ಬಿದ್ದಿತ್ತು. ದ್ವೀಪದ ತುದಿಯಲ್ಲಿ ದೋಣಿ ಕಂಡಿತು. ಹುಡುಗನನ್ನು ಹತ್ತಿಸಿ ಹೊರಟುಬಿಡೋಣ ಎಂದು ಹೋದರೆ, ಅವಳು ನಮಗಿಂತ ಮುಂಚೆ ಅಲ್ಲಿದ್ದಳು. ದೋಣಿಗೆ ಅಡ್ಡವಾಗಿ, ಸುಮ್ಮನೆ.

"ಪದ್ಮಾ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವಳು ಕಣ್ಣುಜ್ಜಿಕೊಂಡು ಬಂದು ನೋಡಿದಳು. "ಯಾರ್ರೀ ಇವಳು?"

"ಗೊತ್ತಿಲ್ಲ. ಹೋಗೋಕೆ ಬಿಡ್ತಾ ಇಲ್ಲ."

"ಅಳಿಸಿ ಹಾಕಿ, ಹೋಗ್ತಾಳೆ" ಎಂದು ಪದ್ಮ ಮತ್ತೆ ಮಲಗಲು ಹೋದಳು. ಈ ಮನೆಯಲ್ಲಿ ಧೈರ್ಯವೆಲ್ಲ ಅವಳ ಪಾಲಿಗೆ ಹೋಗಿದೆ.

ಅಳಿಸಲು ಗುಂಡಿ ಒತ್ತಿದೆ. ನಿಜವಾಗಿಯೂ ಅಳಿಸಬೇಕೇ ಎಂದು ಕೇಳಿತು. ಹೌದು ಎಂದೆ. ಚಿತ್ರ ಹಾಗೇ ನಿಂತುಬಿಟ್ಟಿತು. ಆಫ್ ಮಾಡಿ ಆನ್ ಮಾಡಿದೆ. ಮನು ಹಾಗೇ ಇದ್ದ. ಮತ್ತೆ ಒತ್ತಿದೆ, ಮತ್ತೆ ನಿಂತಿತು. ಇನ್ನೊಮ್ಮೆ ಧೈರ್ಯ ಮಾಡಿದಾಗ, ತಲೆಕೆಳಗಾಗಿದ್ದ ಡಬ್ಬಿ ಟಪ್ ಎಂದು ಒಮ್ಮೆ ಜಿಗಿಯಿತು. ಕೊಂಡಿ ಸಡಿಲವಾಗಿ ಮುಚ್ಚಳ ತಾನಾಗೇ ತೆರೆದುಕೊಂಡಿತ್ತು, ಅಷ್ಟೇ. ಆ 'ಅಷ್ಟೇ' ಎಂಬುದು ಈಗ ಬರೆಯುವಾಗ ಹೊಳೆದದ್ದು. ಆಗ ಹೊಳೆದದ್ದು ಚಪ್ಪಲಿ ಎಲ್ಲಿದೆ ಎಂಬುದೊಂದೇ.

ಒಂದು ವಾರ ಡಬ್ಬಿ ಮಂಚದ ಕೆಳಗಿತ್ತು. ತೀರಿಕೊಂಡ ಹುಡುಗ ಕಟ್ಟಿದ ಮನೆಯನ್ನು ಅಳಿಸಲು ಕೈ ಹಾಕಿದ್ದು ಮನಸ್ಸಿಗೆ ಚುಚ್ಚುತ್ತಲೇ ಇತ್ತು. ಅವನ ತಾಯಿಗೆ ಇದನ್ನು ವಾಪಸ್ ಕೊಟ್ಟುಬಿಡಬೇಕು ಎನಿಸಿತು. ಇದರಲ್ಲಿ ಕರುಣೆ ಎಷ್ಟು, ಪುಕ್ಕಲುತನ ಎಷ್ಟು ಎಂದು ಬೇರ್ಪಡಿಸಲು ರಸಾಯನಶಾಸ್ತ್ರದಲ್ಲಿ ಉಪಾಯವಿಲ್ಲ. ಫೋನ್ ಮಾಡಿದರೆ ಸರೋಜಮ್ಮ ಎತ್ತಲಿಲ್ಲ. ಒಂದು ಶನಿವಾರ ಕಾಲೇಜು ಮುಗಿಸಿ, ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ಸಮಾಧಾನದ ನಾಲ್ಕು ಮಾತು ಬಾಯಿಪಾಠ ಮಾಡಿಕೊಳ್ಳುತ್ತ ಶ್ರೀಗಂಧದ ಕಾವಲ್‌ಗೆ ಹೋದೆ.

ಬಾಗಿಲು ತೆರೆದವನು ಮೂವತ್ತರ ಆಸುಪಾಸಿನ ಯುವಕ. ಎತ್ತರದ ಆಳು, ಕೊರಳಲ್ಲಿ ಹೆಡ್‌ಫೋನ್. ನನ್ನ ಮುಖ ನೋಡಲಿಲ್ಲ. ನನ್ನ ಭುಜದಾಚೆ, ನನ್ನ ಹಿಂದೆ ಇನ್ಯಾರೋ ನಿಂತಿದ್ದಾರೆ ಎಂಬಂತೆ ನೋಡುತ್ತ, "ಯಾರು?" ಎಂದ. ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಸರೋಜಮ್ಮನವರು ಇದಾರಾ?"

"ಒಳಗಿದಾರೆ. ನಾನು ಅವರ ಮಗ, ಮನು."

ಬಾಯಿಪಾಠ ಮಾಡಿದ್ದ ಸಮಾಧಾನದ ಮಾತನ್ನು ಇನ್ನು ಯಾರಿಗೆ ಹೇಳುವುದು? ಹಿಂದೆ ಸರಿದ ರಭಸಕ್ಕೆ ಚೀಲ ಕಂಬಕ್ಕೆ ತಾಗಿ, ಒಳಗೆ ಮುಚ್ಚಳ ಟಪ್ ಎಂದಿತು. ಅವನು ಕತ್ತು ಓರೆ ಮಾಡಿ ಕೇಳಿಸಿಕೊಂಡ. ಮುಖವೆಲ್ಲ ಬೆಳಗಿತು.

"ಅರೇ, ನಮ್ ಡಬ್ಬಿ! ರಿಪೇರಿ ಆಯ್ತಾ ಸಾರ್?"

ಆ ಹೊತ್ತಿಗೆ ಅವನ ಹಿಂದೆ ಸರೋಜಮ್ಮ ಬಂದರು. ನನ್ನನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಎರಡೂ ಕೈ ಜೋಡಿಸಿ, ಸದ್ದಿಲ್ಲದೆ, ಬೇಡ ಎಂದು ತಲೆಯಾಡಿಸಿದರು. ಆಗ ನನಗೆ ಅರ್ಥವಾಯಿತು. ಮನು ಬದುಕಿದ್ದ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಡಬ್ಬಿ ಮಾರಿದ್ದು ಅವನಿಗೆ ಗೊತ್ತಿರಲಿಲ್ಲ.

"ಆಯ್ತು" ಎಂದೆ.

"ಏನ್ ಸಾರ್ ನೀವು, ಎಷ್ಟು ಕಾಯಿಸಿದ್ರಿ! ಅಮ್ಮನ ಕೇಳಿದಾಗೆಲ್ಲ ಅತ್ತಿಗುಪ್ಪೆ ಅಂಗಡಿಯೋರು ತುಂಬ ನಿಧಾನ ಅಂತಿದ್ರು."

"ಸಾಮಾನು ಸಿಗಲಿಲ್ಲ" ಎಂದೆ. ಎಲ್ಲ ರಿಪೇರಿಯವರೂ ನನಗೆ ಹೇಳುವ ಮಾತದು, ಮೊದಲ ಸಲ ನನ್ನ ಬಾಯಿಂದ ಬಂತು. ಹೇಳಿದ ಮೇಲೆ ಒಂದು ಥರ ಹಿತವಾಯಿತು.

ಕಾಫಿ ಲೋಟ ತರುವ ನೆಪದಲ್ಲಿ ಸರೋಜಮ್ಮ ನನ್ನನ್ನು ಅಡುಗೆಮನೆಗೆ ಕರೆದು, ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಹೇಳಿದರು. ಮನುವಿನ ಕಣ್ಣು ಸ್ವಲ್ಪಸ್ವಲ್ಪವಾಗಿ ಹೋಯಿತಂತೆ. ಕೆಲಸಕ್ಕೆ ತೊಂದರೆಯಿಲ್ಲ, ಮನೆಯಲ್ಲೇ ಕೂತು ಫೋನಿನಲ್ಲಿ ಗಿರಾಕಿಗಳ ದೂರು ಕೇಳುತ್ತಾನೆ. ನಾನು ಮೊದಲು ಬಂದಾಗಲೂ ಒಳಗೆ ಅದೇ ಕೆಲಸದಲ್ಲಿದ್ದ. ಕಣ್ಣು ಮಂಜಾಗುತ್ತಿದ್ದ ದಿನಗಳಲ್ಲಿ ಇವರು ಎರಡನೇ ಕಂಟ್ರೋಲರ್ ಹಿಡಿಯಲು ಕಲಿತು, ಪಕ್ಕದಲ್ಲಿ ಕೂತು, ಕಂಡದ್ದನ್ನು ಹೇಳುತ್ತಿದ್ದರು. "ಪೂರ್ತಿ ಹೋದ್ಮೇಲೂ ಆಡೋಣ ಬಾ ಅಮ್ಮ ಅಂತಾನೆ ಸಾರ್. ತೋಟ ಹೂ ಬಿಟ್ಟಿದೆ ಕಣೋ ಅಂತ ಹೇಳ್ತಾ ಹೇಳ್ತಾ ನನಗೆ ಅಳು. ಅಳೋಕೂ ಆಗಲ್ಲ ನೋಡಿ, ಅವನಿಗೆ ಎಲ್ಲಾ ಕೇಳಿಸುತ್ತೆ. ಅದಕ್ಕೇ ಕೊಟ್ಬಿಟ್ಟೆ." ಕೆರೆ ದಂಡೆಯವಳು ಇವರೇ. ಕಂಟ್ರೋಲರ್ ಕೆಳಗಿಟ್ಟರೆ ಅವಳು ತಾನಾಗೇ ಹೋಗಿ ಕೂರುತ್ತಾಳೆ, ಮನು ಹೊರಟರೆ ಹಿಂದೆ ಬರುತ್ತಾಳೆ, ಆ ಆಟದ ರೀತಿಯೇ ಹಾಗಂತೆ.

ಹಾಲ್‌ನಲ್ಲಿ ಮನು ಡಬ್ಬಿಯನ್ನು ಅವರ ಹಳೇ ಟೀವಿಗೆ ಜೋಡಿಸಿಯಾಗಿತ್ತು. ನೆಟ್ಟಗೆ ಇಟ್ಟಿದ್ದ. ತಲೆಕೆಳಗೆ ಮಾಡಬೇಕು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಗಂಟೆಯ ನಾದ ಹೊರಟೇಬಿಟ್ಟಿತು. ಒಂದು ಟಿಕ್ ಕೂಡ ಇಲ್ಲ. "ಚೆನ್ನಾಗಿ ಮಾಡಿದೀರ ಸಾರ್" ಎಂದ. ನಾನು ಏನು ಮಾಡಿದ್ದೆ? ಟೀವಿಯಲ್ಲಿ ಬಣ್ಣ ಬಂತು. ಕೆರೆ ನೀಲಿಯಾಗಿತ್ತು, ಅವಳ ಲಂಗ ಹಳದಿ. ಮನು ನನ್ನ ಕೈಗೆ ಕಂಟ್ರೋಲರ್ ಕೊಟ್ಟು, ಟೀವಿಯ ಕಡೆ ಬೆನ್ನು ಮಾಡಿ, ಡಬ್ಬಿಯ ಪಕ್ಕ ಕಿವಿಯಿಟ್ಟು ಕೂತ. ನಾನು ಹುಡುಗನನ್ನು ನಡೆಸಿದೆ. "ಈಗ ತೋಟ ದಾಟಿದ್ರಿ" ಎಂದ. ದಾಟಿದ್ದೆ. "ಕೆರೆ ಹತ್ರ ಬಂದ್ರಿ." ಬಂದಿದ್ದೆ. ಒಂದೊಂದು ಜಾಗಕ್ಕೆ ಡಿಸ್ಕ್ ಒಂದೊಂದು ಥರ ಸದ್ದು ಮಾಡುತ್ತದೆ, ಅವನಿಗೆ ಅದೇ ದಾರಿಯಂತೆ. ಸರೋಜಮ್ಮ ಬಾಗಿಲಿಗೆ ಒರಗಿ ನಿಂತಿದ್ದವರು ಮೆಲ್ಲಗೆ ಬಂದು ಎರಡನೇ ಕಂಟ್ರೋಲರ್ ಎತ್ತಿಕೊಂಡರು. "ಹೂ ಬಿಟ್ಟಿದೆಯಾ ಅಮ್ಮ?" "ಬಿಟ್ಟಿದೆ ಕಣೋ" ಎಂದರು. ಈ ಸಲ ನೀರಿನ ಸದ್ದು ಬೇಕಾಗಲಿಲ್ಲ.

ಸುಮ್ಮನಿರಲಾರದೆ ನಾನು, "ದೋಣಿ ಹತ್ತೋಕೆ ಹೋದ್ರೆ ಅವಳು ಅಡ್ಡ ನಿಲ್ತಾಳಲ್ಲ, ಅದೇನು?" ಎಂದು ಕೇಳಿದೆ.

ಮನು ತಲೆಯೆತ್ತಿದ. "ಅಡ್ಡ ನಿಂತಳಾ? ಆಟದಲ್ಲಿ ಹಾಗೆ ಇಲ್ವಲ್ಲ ಸಾರ್. ಅವಳು ದೋಣಿ ಹತ್ರ ಬರೋದೇ ಇಲ್ಲ."

ಸರೋಜಮ್ಮನೂ ನಾನೂ ಟೀವಿ ನೋಡಿದೆವು. ನಾನು ಕಾಫಿ ಕುಡಿದು ಎದ್ದೆ.

ಗೇಟಿನವರೆಗೆ ಮನು ಬಂದ. "ಸಾರ್, ನೀವು ರಿಪೇರಿಯೋರಲ್ಲ ಅಂತ ಗೊತ್ತು" ಎಂದ, ಮೆಲ್ಲಗೆ. "ಅವತ್ತು ಗೇಟ್ ಹತ್ರ ಮಾತಾಡಿದ್ದು ಕೇಳಿಸಿತ್ತು. ಅಮ್ಮನಿಗೆ ಕಷ್ಟ ಆಗ್ತಿದೆ ಅಂತ ಸುಮ್ನಿದ್ದೆ. ಅವರಿಗೆ ಹೇಳ್ಬೇಡಿ." ನಾನು ತಲೆಯಾಡಿಸಿದೆ. ತಲೆಯಾಡಿಸಿದರೆ ಅವನಿಗೆ ಕಾಣದು ಎಂದು ನೆನಪಾಗಿ "ಇಲ್ಲಪ್ಪ" ಎಂದೆ. ಅವನು ನಕ್ಕು ನನ್ನ ನಂಬರ್ ತೆಗೆದುಕೊಂಡ.

ಹೋದ ವಾರ ಯಾರೋ ಅಪರಿಚಿತರ ಫೋನ್ ಬಂತು. "ಸಾರ್, ಹಳೇ ಗೇಮ್ ಡಬ್ಬಿ ರಿಪೇರಿ ಮಾಡೋರು ಅಲ್ವಾ? ಮನು ಅವರು ನಂಬರ್ ಕೊಟ್ರು. ನೀವು ಮುಟ್ಟಿದ್ರೆ ಸಾಕಂತೆ." ಬೇಕೆಂದೇ ಮಾಡಿದ ಕಿತಾಪತಿ ಎಂದು ಗೊತ್ತಾಯಿತು. ನಾನು ಪಾಠ ಮಾಡುವವನು, ಅದೆಲ್ಲ ಗೊತ್ತಿಲ್ಲ ಎಂದು ಹೇಳಿ ಇಡಬೇಕಿತ್ತು. ಹೊಗಳಿಸಿಕೊಂಡು ಅಭ್ಯಾಸವಿಲ್ಲದವನು ನೋಡಿ, ದನಿ ಸ್ವಲ್ಪ ದಪ್ಪ ಮಾಡಿಕೊಂಡು, "ಏನ್ ಪ್ರಾಬ್ಲಮ್?" ಎಂದು ಕೇಳಿಬಿಟ್ಟೆ.

"ಕರೆಂಟ್ ಪ್ಲಗ್ ತೆಗೆದಿಟ್ರೂ ಒಳಗಡೆ ಡಿಸ್ಕ್ ತಿರುಗ್ತಾ ಇರುತ್ತೆ ಸಾರ್."

ನಾನು ಒಳಗೆ ಇಣುಕಿದೆ. ಪದ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು.

"ತಗೊಂಡು ಬನ್ನಿ, ನೋಡೋಣ" ಎಂದೆ. "ಆದ್ರೆ ನಮ್ಮನೆಯೋರು ಮನೇಲಿರೋ ಹೊತ್ತಿಗೆ ಬನ್ನಿ."